ಸಾಕು ಎಂದ ಮೊಲಗಳು, ಸಾಕಿದ ತೋಳ

ಮಕ್ಕಳೇ, ಮರಗಳು ಒತ್ತೊತ್ತಾಗಿ ಬೆಳೆದರೆ ಮಾತ್ರ ಕಾಡು ಎಂದು ನಿಮಗೆ ಯಾರು ಹೇಳಿದರು? ಬಯಲುಸೀಮೆಯಲ್ಲಿ ಬೇರೆ ತರಹದ ಕಾಡೂ ಇದೆ. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮರ, ನಡುವೆ ಒಂದು ಕಲ್ಲುಗುಡ್ಡ, ಗುಡ್ಡದ ಬುಡದಲ್ಲಿ ಒಂದು ಹೊಂಡ. ಈ ಕತೆ ನಡೆದದ್ದು ಅಂಥ ಕಾಡಿನಲ್ಲಿ.

ಹೊಂಡದ ದಂಡೆಯ ಬಿಲದಲ್ಲಿ ಕೆಂಚಿ ಎಂಬ ಮುಂಗುಸಿ ಇದ್ದಳು. ಏಡಿ ಹಿಡಿದು ತಿನ್ನುವುದು ಅವಳ ಕಸುಬು, ಪ್ರಶ್ನೆ ಕೇಳುವುದು ಅವಳ ಚಾಳಿ. ಆಮೆಯನ್ನು ಕಂಡರೆ, "ಚಿಪ್ಪಿನೊಳಗೆ ಬೆನ್ನು ತುರಿಸಿದರೆ ಏನು ಮಾಡ್ತೀಯಾ?" ಎನ್ನುವಳು. ಹಗಲಲ್ಲಿ ಮಲಗಿದ ಗೂಬೆಯನ್ನು ಎಬ್ಬಿಸಿ, "ಈಗ ನಿನಗೆ ಏನು ಕನಸು ಬಿದ್ದಿತ್ತು?" ಎನ್ನುವಳು. ಅವಳನ್ನು ಕಂಡರೆ ಅರ್ಧ ಕಾಡು ದಾರಿ ಬದಲಿಸುತ್ತಿತ್ತು. ನನಗಂತೂ ಅವಳು ತುಂಬ ಇಷ್ಟ.

ಗುಡ್ಡದ ಗವಿಯಲ್ಲಿ ಬೂದಣ್ಣ ಎಂಬ ತೋಳ ಇದ್ದ. ಅವನ ಒಂದು ಕಿವಿಯ ತುದಿಯನ್ನು ಬೇಡನೊಬ್ಬನ ಬಾಣ ಹಾರಿಸಿಕೊಂಡು ಹೋಗಿತ್ತು. ಆದರೆ ಅವನ ತೊಂದರೆ ಆ ಮೊಂಡು ಕಿವಿಯದಲ್ಲ. ಯಾರು ಏನೇ ಹೇಳಲಿ, ತನಗೆ ಬೇಕಾದದ್ದನ್ನೇ ಅವನು ಕೇಳಿಸಿಕೊಳ್ಳುತ್ತಿದ್ದ. ಅಂಥವರು ಊರಿನಲ್ಲೂ ಇದ್ದಾರೆ ಬಿಡಿ.

ಬೂದಣ್ಣನಿಗೆ ವಯಸ್ಸಾಗುತ್ತಿತ್ತು. ಮೊಲವನ್ನು ಅಟ್ಟಿಸಿಕೊಂಡು ಹೋದರೆ ಮೊಲ ಪೊದೆಯೊಳಗೆ ಮಾಯ, ಇವನು ಪೊದೆಯ ಹೊರಗೆ ಏದುಸಿರು. ಒಂದು ದಿನ ಹಾಗೆ ಏದುತ್ತಾ ಕುಳಿತಾಗ ಅವನಿಗೊಂದು ಯೋಚನೆ ಹೊಳೆಯಿತು. ಊಟದ ಹಿಂದೆ ತಾನು ಓಡುವುದೇಕೆ? ಊಟವನ್ನೇ ಮನೆಯ ಹತ್ತಿರ ಇಟ್ಟುಕೊಂಡರಾಯಿತಲ್ಲ!

ಅವನು ಒಣಗಿದ ಜಾಲಿ ಕೊಂಬೆಗಳನ್ನು ಎಳೆದು ತಂದು ಹೊಂಡದ ಮೇಲ್ಗಡೆ ಒಂದು ದೊಡ್ಡಿ ಕಟ್ಟಿದ. ಸುತ್ತ ಮುಳ್ಳಿನ ಬೇಲಿ, ಮೇಲೆ ಮುಳ್ಳಿನ ಚಪ್ಪರ, ನುಗ್ಗಲು ಒಂದು ಕಂಡಿ. ಆಮೇಲೆ ಮೊಲಗಳನ್ನು ಕರೆದ.

"ಬನ್ನಿರಮ್ಮಾ, ಬನ್ನಿ! ಇಲ್ಲಿ ಗಿಡುಗನ ಕಾಟ ಇಲ್ಲ, ನರಿಯ ಕಾಟ ಇಲ್ಲ. ಹುಲ್ಲು ನಾನೇ ತಂದು ಹಾಕ್ತೀನಿ. ನಿಮ್ಮನ್ನ ಸಾಕ್ತೀನಿ!"

"ನಿನ್ನ ಕಾಟ?" ಎಂದಳು ಉದ್ದಕಿವಿಯಮ್ಮ ಎಂಬ ಹಿರಿಯ ಮೊಲ.

"ಸಾಕುವವನ ಕಾಟ ಅಂತ ಎಲ್ಲಾದರೂ ಇರುತ್ತೇನಮ್ಮಾ?"

ಅದೇ ವಾರ ಗಿಡುಗ ಉದ್ದಕಿವಿಯಮ್ಮನ ಎರಡು ಮರಿಗಳನ್ನು ಹೊತ್ತುಕೊಂಡು ಹೋಗಿತ್ತು. ಹೆದರಿದವರಿಗೆ ಬೇಲಿ ಮನೆಯಂತೆ ಕಾಣುತ್ತದೆ. ಅವಳು ಇನ್ನೂ ಮೂರು ಮೊಲಗಳನ್ನು ಕರೆದುಕೊಂಡು ಒಳಗೆ ಹೋದಳು. ಬೂದಣ್ಣ ಕಂಡಿಗೆ ಒಂದು ದಪ್ಪ ಕೊಂಬೆ ಅಡ್ಡ ಇಟ್ಟ.

ಕೆಂಚಿ ಬಂದಳು. ಬಾರದೆ ಇರುತ್ತಾಳೆಯೇ?

"ಬೂದಣ್ಣಾ, ಸಾಕೋದು ಅಂದ್ರೇನು?"

"ಹೊಟ್ಟೆ ತುಂಬ ಹಾಕೋದು."

"ಆಮೇಲೆ?"

"ಮೈತುಂಬ ಬೆಳೆಸೋದು."

"ಆಮೇಲೆ?"

ತೋಳ ಆಕಳಿಸಿದ. "ಆಮೇಲಿಂದು ಆಮೇಲೆ. ನಿನಗೆ ಏಡಿ ಹಿಡಿಯೋ ಕೆಲಸ ಇಲ್ವಾ?"

ನಾಲ್ಕು ಮೊಲ ಹನ್ನೆರಡಾದವು, ಹನ್ನೆರಡು ನಲವತ್ತಾದವು. ಬೂದಣ್ಣ ದಿನಾ ಬೆಳಿಗ್ಗೆ ಹುಲ್ಲು ಕಿತ್ತು ತಂದು ಸುರಿದು, "ಸಾಕಾ?" ಎಂದು ಕೇಳುತ್ತಿದ್ದ. ನೆಂಟರ ಮನೆಯ ಊಟದಲ್ಲಿ ನೀವು ನೋಡಿರುತ್ತೀರಿ. ಎಲೆಯ ಮೇಲೆ ಕೈ ಅಡ್ಡ ಹಿಡಿದು "ಸಾಕು, ಸಾಕು" ಎಂದರೂ ಅತ್ತೆ ಇನ್ನೊಂದು ಹೋಳಿಗೆ ಹಾಕದೆ ಬಿಡುವುದಿಲ್ಲ. ಬೂದಣ್ಣನ ಉಪಚಾರವೂ ಹಾಗೆಯೇ. ಮೊಲಗಳು "ಸಾಕು" ಎಂದಷ್ಟೂ ಅವನು ಇನ್ನೊಂದು ಕಂತೆ ಸುರಿಯುತ್ತಿದ್ದ.

ದೊಡ್ಡಿಯಲ್ಲಿ ಕಾಲಿಡಲು ಜಾಗ ಇಲ್ಲದಂತಾಯಿತು. ಮೊಲದ ಮೇಲೆ ಮೊಲ. ಒಬ್ಬರ ಕಿವಿ ಇನ್ನೊಬ್ಬರ ಮೂಗಿಗೆ. ಮೊಲಗಳು ಬೇಲಿಗೆ ಮುಖ ಒತ್ತಿ "ಸಾಕು! ಸಾಕು!" ಎಂದು ಕೂಗತೊಡಗಿದವು.

ಬೂದಣ್ಣ ಹಿಗ್ಗಿಹೋದ. "ಕೇಳಿದ್ಯಾ ಕೆಂಚಿ? ಸಾಕು, ಸಾಕು ಅಂತ ದುಂಬಾಲು ಬಿದ್ದಿವೆ. ಇನ್ನಷ್ಟು ಮೊಲ ಸಾಕು ಅಂತ!"

ಒಂದೇ ಮಾತು. ಹೇಳಿದವರಿಗೆ ಒಂದರ್ಥ, ಕೇಳಿದವನಿಗೆ ಇನ್ನೊಂದು. ಇದು ಹೇಗೆ ಎಂದು ಕೆಂಚಿ ಮೂರು ದಿನ ಯೋಚಿಸಿದಳು.

ಆ ದೊಡ್ಡಿಯಲ್ಲೇ ಹುಟ್ಟಿದ ಒಂದು ಮೊಲ ಇತ್ತು. ಉದ್ದಕಿವಿಯಮ್ಮನ ಕಿರಿಯ ಮಗಳು. ಬೂದಣ್ಣ ಅವಳಿಗೆ ಆರಿಸಿ ಆರಿಸಿ ಎಳೆ ಗರಿಕೆ ತಿನ್ನಿಸುತ್ತಿದ್ದ. ಅವಳು ಕುಂಬಳಕಾಯಿಯ ಹಾಗೆ ಉಬ್ಬಿದ್ದಳು. ಅವಳಿಗೆ ಬೆಣ್ಣೆ ಎಂದು ಹೆಸರಿಟ್ಟವನೂ ಅವನೇ. ಅವನನ್ನು ಕಂಡರೆ ಬೆಣ್ಣೆ ಹೊರಳಿಕೊಂಡು ಬಂದು ಅವನ ಪಂಜದ ಮೇಲೆ ತಲೆ ಇಡುತ್ತಿದ್ದಳು.

"ಎಷ್ಟು ಚಂದದ ಹೆಸರು! ಯಾಕೆ ಬೆಣ್ಣೆ ಅಂತ ಇಟ್ಟೆ?" ಎಂದು ಕೆಂಚಿ ಕೇಳಿದಳು.

"ಬಾಯಲ್ಲಿಟ್ಟರೆ ಕರಗಬೇಕು, ಅದಕ್ಕೆ," ಎಂದ ಬೂದಣ್ಣ. "ಮೊದಲ ಇಬ್ಬನಿ ಬಿದ್ದ ಬೆಳಿಗ್ಗೆ ನನ್ನ ಹಬ್ಬ. ಮೊದಲು ಅವಳು. ಆಮೇಲೆ ದಿನಕ್ಕೊಂದು."

ಕೆಂಚಿಯ ಬಾಲದ ಕೂದಲು ನಿಮಿರಿತು. 'ಆಮೇಲೆ' ಅಂದರೆ ಇದು!

"ಅವಳು ನಿನ್ನನ್ನ ಅಣ್ಣಾ ಅಂತಾಳಲ್ಲೋ!"

"ನೀನು ಏಡಿ ತಿನ್ನಲ್ವಾ? ಹಾವು ತಿನ್ನಲ್ವಾ? ದೊಡ್ಡ ನ್ಯಾಯ ಹೇಳೋಕೆ ಬಂದ್ಬಿಟ್ಲು!"

"ತಿಂತೀನಿ," ಎಂದಳು ಕೆಂಚಿ. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ತಿಂತೀನಿ, ಅದಕ್ಕೇ ಕೇಳ್ತಿದ್ದೀನಿ. ಏಡಿಗೆ ಬಿಲ ಇದೆ, ನನಗಿಂತ ಚುರುಕಾದರೆ ಉಳಿಯುತ್ತೆ. ಬೆಣ್ಣೆಗೆ ಏನಿದೆ?"

"ನಾನಿದ್ದೀನಿ," ಎಂದು ತೋಳ ನಕ್ಕ.

ಹೊಂಡದ ಕತೆಯನ್ನೂ ಹೇಳಬೇಕು, ಮಕ್ಕಳೇ. ಒಂದು ಮೊಲ ಕೊಬ್ಬಬೇಕಾದರೆ ಎಷ್ಟು ಹುಲ್ಲು ಬೇಕು ಎಂದು ಕೆಂಚಿಗೆ ಕುತೂಹಲ. ಬೆಳಗಿನಿಂದ ಸಂಜೆಯವರೆಗೆ ಬೇಲಿಯ ಪಕ್ಕ ಕುಳಿತು ನೋಡಿದಳು. ಬೆಣ್ಣೆ ಒಂದು ಕಂತೆ ತಿಂದಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗುಳಿಗೆಗಳ ಹಾಗೆ ಹಿಕ್ಕೆ ಉದುರಿತು. ಮತ್ತೆ ಹಸಿವು, ಮತ್ತೆ ಕಂತೆ, ಮತ್ತೆ ಹಿಕ್ಕೆ. ಇಷ್ಟೆಲ್ಲ ತಿಂದು ಮಾರನೆಯ ದಿನ ನೋಡಿದರೆ ಬೆಣ್ಣೆ ನಿನ್ನೆಯಷ್ಟೇ ದಪ್ಪ ಇದ್ದಳು.

"ಬೂದಣ್ಣಾ, ಹಾಕಿದ ಹುಲ್ಲೆಲ್ಲ ಮಾಂಸ ಆಗಲ್ಲ ಕಣೋ! ಎಲ್ಲಿಗೆ ಹೋಗುತ್ತೆ ಅದು?"

ಎಲ್ಲಿಗೆ ಎಂಬುದು ಮಳೆ ಬಂದಾಗ ತಿಳಿಯಿತು. ಹಿಕ್ಕೆಯೆಲ್ಲ ಕೊಚ್ಚಿಕೊಂಡು ಹೊಂಡಕ್ಕೆ ಇಳಿಯಿತು. ನೀರು ಹಸಿರಾಯಿತು, ಪಾಚಿ ಕಟ್ಟಿತು, ನಾರತೊಡಗಿತು. ಏಡಿಗಳು ದಂಡೆ ಹತ್ತಿ ಕಾಲು ಮಡಚಿ ಸತ್ತವು. ಕಪ್ಪೆಗಳು ಯಾರಿಗೂ ಹೇಳದೆ ಹೊರಟುಹೋದವು. ಇನ್ನು ಗುಡ್ಡದ ಮೇಲೆ ಹುಲ್ಲೇ ಉಳಿದಿರಲಿಲ್ಲ. ಬುಡ ಸಮೇತ ಕಿತ್ತರೆ ಉಳಿಯುವುದೆಲ್ಲಿ? ಜಿಂಕೆಗಳು ಬಂದು ನೋಡಿ, ಬರೀ ಕೆಂಪು ಮಣ್ಣನ್ನು ಮೂಸಿ, ಬೇರೆ ಕಡೆಗೆ ನಡೆದವು. ಕೆಂಚಿ ಈಗ ಒಂದು ಏಡಿಗಾಗಿ ಎರಡು ಗುಡ್ಡ ದಾಟಬೇಕಾಗಿತ್ತು. ಅವಳಿಗೆ ಅಳುವೇ ಬಂತು. ಹುಟ್ಟಿದಾಗಿನಿಂದ ಕುಡಿದ ನೀರು ಅದು.

ಬೂದಣ್ಣನೂ ಸುಖವಾಗಿರಲಿಲ್ಲ. ಓಡುವ ಕಷ್ಟ ತಪ್ಪಿಸಿಕೊಳ್ಳಲು ಹೋಗಿ ಈಗ ಬೆಳಗಿನಿಂದ ಬೈಗಿನವರೆಗೆ ಹುಲ್ಲು ಹೊರುತ್ತಿದ್ದ. ಹೊಟ್ಟೆಗೆ ಇಲಿ, ಓತಿಕ್ಯಾತ. ಹಲ್ಲುಗಳೆಲ್ಲ ಹಸಿರಾಗಿದ್ದವು. ಆದರೂ ಹಬ್ಬದ ಆಸೆ ಅವನನ್ನು ಎಳೆಯುತ್ತಿತ್ತು.

ಗಾಳಿಗೆ ಚಳಿ ಸೇರಿಕೊಂಡಿತು. ಇಬ್ಬನಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ತೋಳ ಹುಲ್ಲಿಗೆ ಹೋದ ಹೊತ್ತಿನಲ್ಲಿ ಕೆಂಚಿ ಬೇಲಿಯ ಹತ್ತಿರ ಓಡಿಬಂದು ಉದ್ದಕಿವಿಯಮ್ಮನಿಗೆ ಹಬ್ಬದ ವಿಷಯ ಹೇಳಿದಳು.

ಉದ್ದಕಿವಿಯಮ್ಮ ಬೆಣ್ಣೆಯನ್ನು ಮೈಗೆ ಒತ್ತಿಕೊಂಡಳು. "ಅಯ್ಯೋ, ನನ್ನ ಕಂದ! ಇಷ್ಟು ದಿನ ಸಾಕು, ಸಾಕು ಅಂತ ಗಂಟಲು ಹರಿದುಕೊಂಡೆವಲ್ಲೇ!"

"ಅಲ್ಲೇ ತಪ್ಪಿದ್ದು," ಎಂದಳು ಕೆಂಚಿ. "ಆ ಮಾತಿಗೆ ಎರಡು ಅರ್ಥ ಇದೆ. ಅವನು ತನಗೆ ರುಚಿಸಿದ್ದನ್ನ ತಗೊಂಡ. ಒಂದೇ ಅರ್ಥ ಇರೋ ಮಾತು ಹುಡುಕಬೇಕು. ಅವನು ತಿರುಚೋಕೇ ಆಗಬಾರದು."

ನಲವತ್ತು ಮೊಲಗಳು ಯೋಚಿಸಿದವು. "ನಿಲ್ಲಿಸು" ಎನ್ನೋಣ ಎಂದಿತು ಒಂದು. "ಚಪ್ಪರದ ಕಂಬ ನಿಲ್ಲಿಸು ಅಂದುಕೊಂಡುಬಿಡ್ತಾನೆ," ಎಂದಿತು ಇನ್ನೊಂದು. "ಬಿಡು" ಎನ್ನೋಣ ಎಂದಿತು ಮತ್ತೊಂದು. "ಇನ್ನೂ ನಾಲ್ಕು ಮೊಲ ಒಳಗೆ ಬಿಡು ಅಂತ ತಿಳ್ಕೊಂಡರೆ?"

"ಬೇಡ," ಎಂದಳು ಉದ್ದಕಿವಿಯಮ್ಮ ಕೊನೆಗೆ. "ಬೇಡ ಅಂದರೆ ಬೇಡ. ಅದರಲ್ಲಿ ಇನ್ನೇನಿದೆ?"

ಎಲ್ಲರೂ ಒಪ್ಪಿದರು. ಕೆಂಚಿಯೂ ಒಪ್ಪಿದಳು. ಅಷ್ಟೊಂದು ಪ್ರಶ್ನೆ ಕೇಳುವವಳಿಗೆ ಆ ಒಂದು ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಇಬ್ಬನಿ ಬಿತ್ತು. ಬೆಳಿಗ್ಗೆ ಬೂದಣ್ಣ ತುಟಿ ಸವರಿಕೊಳ್ಳುತ್ತಾ ಕೊಂಬೆ ಸರಿಸಿ ದೊಡ್ಡಿಯೊಳಗೆ ಬಂದ. ಇವತ್ತು ಅವನ ಬಾಯಲ್ಲಿ ಹುಲ್ಲಿರಲಿಲ್ಲ.

"ಬೆಣ್ಣೆ, ಬಾ ಇಲ್ಲಿ," ಎಂದ.

ಉದ್ದಕಿವಿಯಮ್ಮ ಎದ್ದು ನಿಂತು ಇದ್ದ ಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು. "ಬೇಡ!"

ನಲವತ್ತು ಮೊಲಗಳೂ ದನಿ ಸೇರಿಸಿದವು. "ಬೇಡ! ಬೇಡ! ಬೇಡ!"

ತೋಳನ ಮೊಂಡು ಕಿವಿ ನೆಟ್ಟಗಾಯಿತು. "ಬೇಡನಾ? ಎಲ್ಲಿ? ಎಲ್ಲಿದ್ದಾನೆ?"

"ಬೇಡ! ಬೇಡ!"

"ಬಿಲ್ಲು ತಂದಿದ್ದಾನಾ?"

"ಬೇಡ!"

ಬೂದಣ್ಣ ಇನ್ನು ನಿಲ್ಲಲಿಲ್ಲ. ಕಂಡಿಯ ತುಂಬ ಮೊಲಗಳು ನಿಂತಿದ್ದವು. ಅವನು ಸೀದಾ ಬೇಲಿಗೇ ನುಗ್ಗಿದ. ಬೇಲಿ ಹರಿಯಿತು, ಚಪ್ಪರ ವಾಲಿತು, ಒಂದು ಕೊಂಬೆ ಅವನ ಬಾಲಕ್ಕೆ ಸಿಕ್ಕಿಕೊಂಡು ಹಿಂದೆಯೇ ಹೊರಟಿತು. ಕೊಂಬೆಯ ಸದ್ದನ್ನು ಬೇಡನ ಹೆಜ್ಜೆ ಎಂದುಕೊಂಡು ಅವನು ಇನ್ನೂ ಜೋರಾಗಿ ಓಡಿದ. ಕೆಂಚಿ ನಗು ತಡೆಯಲಾರದೆ ನೆಲಕ್ಕೆ ಬಿದ್ದು ಹೊರಳಾಡಿದಳು.

ಮೊಲಗಳು ದಿಕ್ಕು ದಿಕ್ಕಿಗೆ ಚಿಮ್ಮಿದವು. ಉದ್ದಕಿವಿಯಮ್ಮ "ಬಾರೇ ಬೆಣ್ಣೆ!" ಎನ್ನುತ್ತಾ ಹಾರಿದಳು, ಮಗಳು ಹಿಂದೆ ಬರುತ್ತಿದ್ದಾಳೆ ಎಂದುಕೊಂಡು ಹಾರುತ್ತಲೇ ಹೋದಳು.

ಮಗಳು ಬರಲಿಲ್ಲ. ಎರಡು ಹೆಜ್ಜೆ ಹಾರಿ ಬೆಣ್ಣೆ ಕುಳಿತುಬಿಟ್ಟಳು. ಹುಟ್ಟಿದಾಗಿನಿಂದ ಅವಳು ನಾಲ್ಕು ಹೆಜ್ಜೆಗಿಂತ ಹೆಚ್ಚು ನಡೆದಿರಲಿಲ್ಲ.

"ಓಡೇ! ಓಡು!" ಕೆಂಚಿ ತಲೆಯಿಂದ ಗುದ್ದಿ ಗುದ್ದಿ ತಳ್ಳಿದಳು.

"ಓಡ್ತಾ ಇದ್ದೀನಲ್ಲಾ," ಎಂದಳು ಬೆಣ್ಣೆ, ಕುಳಿತಲ್ಲೇ ಏದುತ್ತಾ.

ಅಷ್ಟರಲ್ಲಿ ಗುಡ್ಡದ ಮೇಲೆ ಬೇಡನೂ ಇಲ್ಲ, ಬಿಲ್ಲೂ ಇಲ್ಲ ಎಂದು ಕಂಡು ಬೂದಣ್ಣ ಕುಂಟುತ್ತಾ ಮರಳಿ ಬಂದ. ಮೈಯೆಲ್ಲ ಮುಳ್ಳು.

"ಬೇಡ ಎಲ್ಲಿ?" ಎಂದು ಗುಡುಗಿದ.

"ಯಾವ ಬೇಡನೂ ಬಂದಿಲ್ಲ," ಎಂದಳು ಕೆಂಚಿ. "ಅವು ಬೇಡ ಅಂದದ್ದು ನಿನ್ನ ಸಾಕಣೆಯನ್ನ."

"ಹಾಗಾದರೆ ಅಷ್ಟು ದಿನ ಸಾಕು, ಸಾಕು ಅಂದದ್ದು?" ಎಂದ ತೋಳ ಮೆಲ್ಲಗೆ.

ಅವನಿಗೆ ಅರ್ಥವಾಗಿದೆ ಎಂದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಹಸಿವು ಅರ್ಥವನ್ನು ಲೆಕ್ಕಕ್ಕಿಡುವುದಿಲ್ಲ. "ಒಂದಾದರೂ ಉಳಿದಿದೆಯಲ್ಲ," ಎಂದು ಅವನು ಬೆಣ್ಣೆಯ ಕಡೆ ನಡೆದ. ಅಡ್ಡ ನಿಂತ ಕೆಂಚಿಯನ್ನು ಒಂದೇ ಪಂಜದಲ್ಲಿ ಪಕ್ಕಕ್ಕೆ ಒಗೆದ.

ಬೆಣ್ಣೆ ಹೊರಳಿಕೊಂಡು ಬಂದು ಆ ಪಂಜದ ಮೇಲೆಯೇ ತಲೆ ಇಟ್ಟಳು.

"ಅಣ್ಣಾ, ನಿನಗೆ ಎಷ್ಟೊಂದು ಮುಳ್ಳು ಚುಚ್ಚಿದೆ! ನೋಯ್ತಿದೆಯಾ?"

ಬೂದಣ್ಣ ತೆರೆದ ಬಾಯಿ ತೆರೆದೇ ನಿಂತ.

"ಎಲ್ಲರೂ ಎಲ್ಲಿಗೆ ಹೋದರು ಅಣ್ಣಾ?"

"ಓಡಿಹೋದರು. ನೀನೂ ಓಡು. ನಾನು ಅಟ್ಟಿಸಿಕೊಂಡು ಬರ್ತೀನಿ. ಸಿಕ್ಕರೆ ತಿಂತೀನಿ, ಇಲ್ಲದಿದ್ದರೆ ಇಲ್ಲ. ಹೂಂ, ಓಡು!"

"ನಾನು ಯಾಕೆ ಓಡಲಿ? ನೀನಿದ್ದೀಯಲ್ಲ."

ಕೆಂಚಿ ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದು ನೋಡಿದರೆ ತೋಳ ಪಂಜವನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದ.

"ಥೂ! ಸಾಕಿ ಕೆಟ್ಟೆ," ಎಂದ. "ಇದನ್ನ ಹೇಗೆ ತಿನ್ನೋದು!"

ಹೊಂಡದ ಹತ್ತಿರ ಹೋಗಿ ನೀರಿಗೆ ಮೂಗು ತಾಗಿಸಿದ. ನಾತಕ್ಕೆ ಹಿಂದಕ್ಕೆ ಸರಿದ. ಬಾಯಾರಿದ ಹಾಗೆಯೇ ಗುಡ್ಡ ಹತ್ತಿ ಆಚೆಗೆ ಹೊರಟುಹೋದ.

ಉದ್ದಕಿವಿಯಮ್ಮ ಅಳುತ್ತಾ ಮರಳಿ ಬಂದು ಮಗಳನ್ನು ಪೊದೆಗೆ ನಡೆಸಿಕೊಂಡು ಹೋದಳು. ಅಷ್ಟು ಹತ್ತಿರದ ಪೊದೆಗೇ ಅರ್ಧ ದಿನ ಹಿಡಿಯಿತು. ಮುಂದಿನ ಮಳೆಗೆ ಗುಡ್ಡದ ಮೇಲೆ ಅಷ್ಟಿಷ್ಟು ಹುಲ್ಲು ಚಿಗುರಿತು. ಹೊಂಡ ತಿಳಿಯಾಗಲು ಮಾತ್ರ ಮೂರು ಮಳೆಗಾಲ ಬೇಕಾಯಿತು. ಕೆಡಿಸಲು ಅಷ್ಟು ದಿನ ಬೇಕಾಗಿರಲಿಲ್ಲ.

ಆ ಮೂರನೆಯ ಮಳೆಗಾಲದಲ್ಲಿ ಬೂದಣ್ಣ ಮತ್ತೆ ಆ ಕಡೆ ಬಂದ. ಹುಲ್ಲಿನ ನಡುವೆ ಒಂದು ಮೊಲ ಮೇಯುತ್ತಿತ್ತು. ತೆಳ್ಳಗಿನ ಮೈ, ಚುರುಕು ಕಿವಿ. ಅವನ ವಾಸನೆ ಬಡಿದದ್ದೇ ತಡ, ಅದು ತಲೆಯೆತ್ತಿ ಅವನನ್ನು ನೋಡಿತು. ಬೆಣ್ಣೆ! ಅಣ್ಣಾ ಎನ್ನುತ್ತಾಳೇನೋ ಎಂದು ಅವನು ಒಂದು ಗಳಿಗೆ ಕಾದ.

ಅವಳು ಅನ್ನಲಿಲ್ಲ. ಓಡಿದಳು. ಬೂದಣ್ಣ ಹಿಂದೆ ಬಿದ್ದ, ಹುಲ್ಲುಗಾವಲನ್ನೆಲ್ಲ ಸುತ್ತಿದ, ಅವಳು ಸಿಗಲಿಲ್ಲ. ಅವನು ಏದುತ್ತಾ ಕುಳಿತ. ಆ ದಿನ ಅವನಿಗೆ ಹಸಿವೂ ಇತ್ತು, ಯಾಕೋ ಸಮಾಧಾನವೂ ಇತ್ತು.

ನೀತಿ: ತಿನ್ನುವವರು ತಮ್ಮ ಹೊಟ್ಟೆಯ ಮಾತನ್ನಷ್ಟೇ ಕೇಳಿದರೆ ಸಾಲದು; ಸಾಕಿದ ಜೀವವೂ ಅದಕ್ಕೆ ಮೇವು ಕೊಟ್ಟ ನೆಲವೂ 'ಸಾಕು' ಎಂದಾಗ ಅದನ್ನೂ ಕೇಳಿಸಿಕೊಳ್ಳಬೇಕು.