ಅಮ್ಮಣ್ಣಿಯ ಎದೆಯ ಚಿತ್ರ

ಕೇಳಿರಪ್ಪೋ ಕೇಳಿ ಎಂದು ಡಂಗುರದವನು ಉದ್ದಂಡರಾಜನ ಪಟ್ಟಣದ ಬೀದಿ ಬೀದಿಯಲ್ಲಿ ಸಾರಿದ. ರಾಜಕುಮಾರಿ ಪದ್ಮಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನು ಹೇಳಿದಂತೆ ಊರಿನ ಕೆಮ್ಮಿಗೆ ಮದ್ದು, ಅವನು ಕೇಳಿದ್ದು ಅವನಿಗೆ. ಒಂದು ತಪ್ಪಿದರೂ ತಲೆ ಅರಮನೆಯದು.

ಒಗಟು ಯಾಕೆ ಬಂತು ಅಂದರೆ, ಪಟ್ಟಣಕ್ಕೆಲ್ಲ ಜ್ವರ, ಕೆಮ್ಮು. ಅರಮನೆಯಲ್ಲಿ ಎದೆಯೊಳಗನ್ನು ತೋರಿಸುವ ಎಕ್ಸ್‌ರೇ ಯಂತ್ರವಿತ್ತು. ರಾಜರ ಕಾಲದಲ್ಲಿ ಅದೆಲ್ಲಿಂದ ಬಂತು ಅಂತ ಅಡ್ಡಬಾಯಿ ಹಾಕಬೇಡಿ, ನನ್ನ ಕತೆಯಲ್ಲಿತ್ತು. ಅಮ್ಮಣ್ಣಿಗೂ ಕೆಮ್ಮು ಹತ್ತಿದಾಗ ಚಿತ್ರ ತೆಗೆಸಿದರು. ಎದೆಯೆಲ್ಲ ಬೆಳ್ಳಗೆ ಕಂಡಿತು. ಆಸ್ಥಾನವೈದ್ಯ ನೋಡಿದವನೇ ಇದು ಕ್ಷಯ ಎಂದುಬಿಟ್ಟ. ಕೆಮ್ಮುವವರೆಲ್ಲ ಹೊಳೆಯಾಚೆಯ ಕಾಡಿಗೆ ಹೋಗಬೇಕು, ಮಗಳಾದರೂ ಸರಿ, ಮತ್ತೆ ಮರಳುವ ಹಾಗಿಲ್ಲ ಎಂದು ರಾಜ ಮನಸ್ಸು ಕಲ್ಲು ಮಾಡಿಕೊಂಡು ಆಜ್ಞೆ ಹೊರಡಿಸಿದ. ಅಮ್ಮಣ್ಣಿ ಮಹಾ ಹಟಮಾರಿ. ನನ್ನ ಚಿತ್ರ ಓದಬಲ್ಲವನು ಹೇಳಿದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಒಗಟು ಹಿಡಿದು ಕೂತಳು.

ಯಂತ್ರದ ಕೋಣೆಯ ಆಳು ದ್ಯಾವ. ರೋಗಿಗಳನ್ನು ನಿಲ್ಲಿಸಿ ಚಿತ್ರ ತೆಗೆಯುವುದು, ತೊಳೆದು ಒಣಗಿಸುವುದು ಅವನ ಕೆಲಸ. ಓದಿ ಹೇಳುವ ಅಧಿಕಾರ ಪಂಡಿತರದ್ದು. ಸಾವಿರ ಎದೆ ಕಂಡಿದ್ದರೇನು, ಆಳನ್ನು ಕೇಳುವವರು ಯಾರು? ಅವನ ತಾಯಿ ಕೆಂಚಮ್ಮನೂ ಕೆಮ್ಮುತ್ತಿದ್ದಳು. ಹೊಳೆ ದಾಟುವವರ ಪಟ್ಟಿಯಲ್ಲಿ ಅವಳ ಹೆಸರು ಬಿದ್ದಿತ್ತು. ಕಾಡಿನ ಚಳಿಗೆ ಮುದುಕಿ ಎಂಟು ದಿನ ಉಳಿಯಲಾರಳು ಎಂದು ದ್ಯಾವನಿಗೆ ಅನ್ನ ಸೇರದಾಯಿತು.

ತುಂಬಿದ ಸಭೆಯಲ್ಲಿ ಅಮ್ಮಣ್ಣಿ ಮೊದಲ ಒಗಟು ಹಾಕಿದಳು. "ಒಂದು ಜೋಡಿ ಮನೆ. ಒಳಗೆ ಕತ್ತಲಿದ್ದರೆ ಸುಖ, ಬೆಳ್ಳಗಾದರೆ ಸಂಕಟ. ಯಾವುದದು?" ಪರದೇಶದ ವೈದ್ಯನೊಬ್ಬ ಗೂಬೆಯ ಗೂಡು ಎಂದ. ಇನ್ನೊಬ್ಬ, ಬಲು ಬುದ್ಧಿವಂತ, ಕಳ್ಳರ ಮನೆ ಎಂದ. ಇಬ್ಬರನ್ನೂ ಸೆರೆಗೆ ಎಳೆದೊಯ್ದರು. ಆಸ್ಥಾನವೈದ್ಯ ಅಮ್ಮಣ್ಣಿಯ ಕಿವಿಯಲ್ಲಿ ಉಸುರಿ ಇದನ್ನೇನೋ ಬಿಡಿಸಿದ, ಎರಡನೆಯದಕ್ಕೆ ಮುಗ್ಗರಿಸಿ ಅವನೂ ಸೆರೆ ಸೇರಿದ. ಹೊರಗೆ ಕತ್ತಿ ಮಸೆಯುವ ಸದ್ದು ಕೇಳುತ್ತಿತ್ತು. ಆಗ ದ್ಯಾವ ಕೈಮುಗಿದು ಮುಂದೆ ಬಂದ. ಸಭೆ ಮುಸಿಮುಸಿ ನಕ್ಕಿತು.

ಮೊದಲನೆಯದಕ್ಕೆ ಅವನು, ಚಿತ್ರದೊಳಗಿನ ಶ್ವಾಸಕೋಶ, ತಾಯಿ, ಗಾಳಿ ತುಂಬಿದ್ದರೆ ಕಪ್ಪು, ಕೀವು ನೀರು ಸೇರಿದರೆ ಬಿಳುಪು ಎಂದ. ನಗು ನಿಂತಿತು.

ಅಮ್ಮಣ್ಣಿ ಎರಡನೆಯದನ್ನು ಹಾಕಿದಳು. "ಊರಿಗೆಲ್ಲ ಹೇಳುವ ಮಾತೊಂದನ್ನು ಒಬ್ಬ ನನಗೆ ಮಾತ್ರ ಹೇಳಲಿಲ್ಲ. ಅವನು ಹೇಳದೆ ನನ್ನ ರೋಗ ದೊಡ್ಡದಾಯಿತು. ಯಾವ ಮಾತು?"

ಆ ಒಬ್ಬ ತಾನೇ ಎಂದು ದ್ಯಾವನಿಗೆ ತಿಳಿಯಿತು. ಚಿತ್ರ ತೆಗೆಸಿದ ದಿನ ಪರದೆಯ ಹಿಂದೆ ಸರದಿ ಕಾಯುತ್ತಾ ಅಮ್ಮಣ್ಣಿ, ಅವನು ಬೇರೆ ರೋಗಿಗಳಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಉತ್ತರ ಹೇಳಿದರೆ ತಪ್ಪು ಒಪ್ಪಿದಂತೆ, ಹೇಳದಿದ್ದರೆ ಅವ್ವ ದೋಣಿ ಹತ್ತುತ್ತಾಳೆ. ಅವ್ವನ ಮುಖ ನೆನೆದು ಅವನು ಬಾಯಿ ಬಿಟ್ಟ.

"ಉಸಿರು ಎಳಕೊಂಡು ಹಿಡಕೊಳ್ಳಿ ಅನ್ನೋ ಮಾತು. ಅರಮನೆಯವರಿಗೆ ಅಪ್ಪಣೆ ಮಾಡಿದವನ ನಾಲಿಗೆ ಹೋಗುತ್ತೆ ಅಂತ ಹೆದರಿ ನಾನೇ ಹೇಳಲಿಲ್ಲ. ಉಸಿರು ಬಿಟ್ಟಾಗ ತೆಗೆದ ಚಿತ್ರ ಅದು. ಎದೆ ಕುಗ್ಗಿ ಬಿಳುಪು ಹೆಚ್ಚಾಯಿತು. ತಪ್ಪು ನನ್ನದು."

ರಾಜ ಕತ್ತಿಗೆ ಕೈ ಹಾಕಿದ. ಅಮ್ಮಣ್ಣಿ ತಡೆದು, ಇನ್ನೊಂದು ಚಿತ್ರ ತೆಗೆ ಎಂದು ತಾನೇ ಹೋಗಿ ಯಂತ್ರದ ಮುಂದೆ ನಿಂತಳು. ಈ ಸಲ ದ್ಯಾವ ಇಡೀ ಸಭೆಗೆ ಕೇಳುವಂತೆ ಎಳಕೊಳ್ಳಿ, ಹಿಡಕೊಳ್ಳಿ ಎಂದ. ರಾಜನ ಮಗಳು ಹಿಡಕೊಂಡಳು. ಹೊಸ ಚಿತ್ರದಲ್ಲಿ ಮೇಲೆಲ್ಲ ಕಪ್ಪು. ಎರಡೂ ಕಡೆ ಕೆಳಗೆ, ಅಂಚಿನಲ್ಲಿ ಮಾತ್ರ ತೆಳ್ಳಗೆ ಮಬ್ಬು.

ಅಮ್ಮಣ್ಣಿ ಮೂರನೆಯದನ್ನು ಹಾಕಿದಳು. "ಬೇಲಿ ಮುರಿದಿದೆ, ಪೈರು ತುಳಿತಕ್ಕೆ ಸಿಕ್ಕಿದೆ. ನುಗ್ಗಿದವನ ಹೆಸರು ಈ ಚಿತ್ರದಲ್ಲಿ ಎಲ್ಲಿ ಬರೆದಿದೆ?" ಸಭೆಯ ಪಂಡಿತರೆಲ್ಲ ಕತ್ತು ಚಾಚಿ ಚಿತ್ರದ ಮೂಲೆ ಮೂಲೆ ಹುಡುಕಿದರು.

"ಎಲ್ಲೂ ಬರೆದಿಲ್ಲ ತಾಯಿ," ಎಂದ ದ್ಯಾವ. "ಹೀಗೆ ಎರಡೂ ಕಡೆ ಮಬ್ಬು ಹರಡಿದ್ದು ನೋಡಿದರೆ ವೈರಾಣುವಿನ ಮೇಲೆ ಅನುಮಾನ. ಚಿತ್ರ ಅನುಮಾನ ಹೇಳುತ್ತೆ, ಹೆಸರು ಹೇಳೋದಿಲ್ಲ. ಹೆಸರನ್ನ ಗಂಟಲಲ್ಲಿ, ಕಫದಲ್ಲಿ ಹುಡುಕಬೇಕು."

ಅಮ್ಮಣ್ಣಿ ಎದ್ದು ನಿಂತು ಮೂರೂ ಸರಿ ಎಂದಳು. ಹೊಳೆ ದಾಟಲು ಜನ ಹತ್ತುತ್ತಿದ್ದ ದೋಣಿಗಳನ್ನು ರಾಜ ದಡದಲ್ಲೇ ತಡೆಸಿದ. ಅಲ್ಲೇ ಕೆಮ್ಮುವವರ ಗಂಟಲಿನಿಂದ ಹತ್ತಿಯಲ್ಲಿ ದ್ರವ ತೆಗೆದು, ಕಫದ ಜೊತೆ ಪರೀಕ್ಷೆಗೆ ಕೊಟ್ಟರು. ಕಫದಲ್ಲಿ ಕ್ಷಯ ಇರಲಿಲ್ಲ. ಗಂಟಲಲ್ಲಿ ವೈರಾಣು ಸಿಕ್ಕಿಬಿದ್ದಿತ್ತು. ಮನೆಯಲ್ಲೇ ಬೇರೆ ಮಲಗಿ, ಬಿಸಿನೀರು ಕುಡಿದು, ಉಸಿರು ಕಟ್ಟಿದವರು ಮಾತ್ರ ಆಸ್ಪತ್ರೆಗೆ ಬಂದರೆ ಸಾಕು ಎಂದಾಯಿತು.

ಏನು ಬೇಕೋ ಕೇಳು ಎಂದ ರಾಜ. ದ್ಯಾವ ಮೊದಲು ಸೆರೆಯಲ್ಲಿದ್ದ ಮೂವರು ವೈದ್ಯರ ತಲೆ ಕೇಳಿದ, ಅವರವರ ಹೆಗಲ ಮೇಲೆಯೇ ಇರಲಿ ಎಂದು. ರಾಜ ನಕ್ಕು ಅವರನ್ನು ಬಿಟ್ಟು, ಚಿತ್ರ ಓದುವ ಪೀಠದಲ್ಲಿ ದ್ಯಾವನನ್ನೇ ಕೂರಿಸಿದ.

ದ್ಯಾವ ಪೀಠದಲ್ಲಿ ಒಂದು ಗಳಿಗೆಯೂ ಕೂರಲಿಲ್ಲ, ಹೊಳೆಯ ಕಡೆ ಓಡಿದ. ಗಂಟುಮೂಟೆ ಹೊತ್ತು ಜನ ದೋಣಿಗಳಿಂದ ಇಳಿಯುತ್ತಿದ್ದರು. ಕೆಂಚಮ್ಮ ಕೊನೆಯವಳು. ದ್ಯಾವ ಮೊಣಕಾಲುದ್ದ ನೀರಿಗಿಳಿದು ತಾಯಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ದಡದಲ್ಲಿ ನೆರೆದ ಊರು ಕೇಕೆ ಹಾಕಿತು. ಮುದುಕಿ ಮಗನ ತಲೆಗೂದಲು ಹಿಡಿದುಕೊಂಡು, ಕೆಮ್ಮುತ್ತಲೇ ನಗುತ್ತಾ ಮನೆಗೆ ಬಂದಳು.