ಬಳೆಗಾರ್ತಿ ತೋಟವ್ವ ಓಟಿಗೆ ನಿಂತದ್ದು

ಯಾವ ಕಾಲದ ಮಾತು ಅಂತ ಕೇಳಬೇಡಿ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಸೋಮವಾರದ ಸೋಮವಾರ ಸಂತೆ ಕೂಡುವ ಒಂದು ಊರಿತ್ತಂತೆ. ಊರಿನ ಹೆಸರು ಹೇಳುವುದಿಲ್ಲ, ಈ ಕತೆಯಲ್ಲಿ ಬರುವವರ ಮರಿಮಕ್ಕಳು ಇನ್ನೂ ನನಗೆ ಎದುರು ಸಿಗುತ್ತಾರೆ. ಆ ಊರಲ್ಲಿ ತೋಟವ್ವ ಅಂತ ಒಬ್ಬ ಬಳೆಗಾರ್ತಿ ಇದ್ದಳಂತೆ.

ಎಂಥಾ ಬಳೆಗಾರ್ತಿ! ಮುಂಗೈ ಹಿಡಿದರೆ ಸಾಕು, ಆ ಮನೆಯಲ್ಲಿ ಅತ್ತೆ ಸೊಸೆಗೆ ತುಪ್ಪ ಬಡಿಸುತ್ತಾಳೋ ಇಲ್ಲವೋ ಹೇಳುತ್ತಿದ್ದಳಂತೆ. ಎಷ್ಟು ಬಿಗಿ ಬಳೆಯಾದರೂ ಅವಳ ಕೈಯಲ್ಲಿ ಒಂದೂ ಒಡೆಯದೆ ಏರುತ್ತಿತ್ತಂತೆ. ಕುಂಬಾರನ ಗಡಿಗೆಯ ಕಂಠಕ್ಕೂ ಬಳೆ ಏರಿಸಿದ್ದಳು ಅಂತಾರೆ ಕೆಲವರು. ಅದು ಸುಳ್ಳಿರಬೇಕು. ನಾನು ಮುಂದೆ ಹೇಳುವುದು ಸುಳ್ಳಲ್ಲ.

ಸಂತೆಯ ಹಿಂದೆ ಕಳ್ಳಿಸಾಲು ಇತ್ತಂತೆ. ಸಂತೆಗೆ ಬಂದ ಹೆಂಗಸರಿಗೆ ಅದೊಂದೇ ಮರೆ. ಆ ವಾರ್ಡಿನ ಮೆಂಬರು ದಲಾಲಿ ಅಡಿವೆಪ್ಪ. ಪುರಸಭೆಯಲ್ಲಿ ಅವನು ಕೆಮ್ಮಿದರೆ ಉಳಿದವರು ನೀರು ಹಿಡಿಯುತ್ತಿದ್ದರಂತೆ. ಅವನು ಕಳ್ಳಿ ಕಡಿಸಿ ಅಲ್ಲಿ ಮಳಿಗೆ ಕಟ್ಟಿಸಿದ. ಗಂಡಸರಿಗೇನು, ಯಾವ ಗೋಡೆಯಾದರೂ ನಡೆಯುತ್ತದೆ. ಹೆಂಗಸರು ಮಾತ್ರ ಬೆಳಗಿನಿಂದ ಸಂತೆ ಮುಗಿಯುವ ತನಕ ಹನಿ ನೀರು ಕುಡಿಯದೆ ಕೂರುತ್ತಿದ್ದರಂತೆ. ಕಾಯಿಪಲ್ಲೆ ಮಾರುವ ಒಬ್ಬ ಬಸುರಿ ಹಾಗೇ ತಡೆದು ತಡೆದು, ಬುಟ್ಟಿಯ ಮೇಲೆಯೇ ಎಚ್ಚರ ತಪ್ಪಿ ಬಿದ್ದಳಂತೆ. ಅವಳನ್ನು ಎತ್ತಿ ಮಲಗಿಸಿದವಳು ತೋಟವ್ವ.

ಅಷ್ಟರಲ್ಲಿ ಓಟು ಬಂತು. ತೋಟವ್ವ ಬಳೆಯ ಮಲಾರ ಹೆಗಲಲ್ಲಿ ಹೊತ್ತುಕೊಂಡೇ ಹೋಗಿ ನಾಮಪತ್ರ ಕೊಟ್ಟಳಂತೆ. ಊರು ಬೆಚ್ಚಿತು. ಬೆಚ್ಚುವಂಥದ್ದು ಇನ್ನೂ ಮುಂದಿತ್ತು. ಊರಬಾಗಿಲ ಅಗಸಿ ಕಟ್ಟೆಯ ಮೇಲೆ ನಿಂತು, ಕೆಳಗೆ ಊರ ಗಂಡಸರೆಲ್ಲ ಕೂತಿರುವಾಗ, ಬಾಯಿಬಿಟ್ಟು ಅಂದಳಂತೆ: "ನಮಗ ಉಚ್ಚಿ ಹೊಯ್ಯಾಕ ಜಾಗ ಬೇಕು. ನಾಕು ಖೋಲಿ, ಒಳಗ ಚಿಲಕ. ಮತ್ತೇನೂ ಬ್ಯಾಡ."

ಯವ್ವಾ ನನ್ನವ್ವಾ! ಹೆಂಗಸಿನ ಬಾಯಲ್ಲಿ! ಹಾಡುಹಗಲು! ಅಗಸಿ ಮುಂದೆ! ಪೂಜಾರಿ ಎರಡೂ ಕಿವಿ ಮುಚ್ಚಿಕೊಂಡು ಎದ್ದುಹೋದನಂತೆ. ಬಹಳ ನಿಧಾನವಾಗಿ ಹೋದನಂತೆ.

ಅಡಿವೆಪ್ಪ ಹೇಳಿ ಕಳಿಸಿದನಂತೆ, ಸೋತರೆ ಈ ಊರಿನ ಒಂದು ಮನೆಯೂ ನಿನ್ನನ್ನು ಪಡಸಾಲೆಗೆ ಬಿಟ್ಟುಕೊಳ್ಳುವುದಿಲ್ಲ ಅಂತ. ಬಳೆಗಾರ್ತಿಗೆ ಮನೆಗಳ ಬಾಗಿಲು ಮುಚ್ಚಿದರೆ ತಿನ್ನುವುದೇನು? ಆದರೂ ಅವಳು ಹಿಂದೆ ಸರಿಯಲಿಲ್ಲವಂತೆ.

ಆಗ ಅಡಿವೆಪ್ಪ ಮಾಡಿದ್ದು ಕೇಳಿ. ಪಕ್ಕದ ಊರಿನ ಬಳೆಗಾರರನ್ನು ಕರೆಸಿ, ವಾರ್ಡಿನ ಮುತ್ತೈದೆಯರಿಗೆಲ್ಲ ಉಡಿ ತುಂಬಿಸಿ, ಡಜನ್ ಡಜನ್ ಹಸಿರು ಬಳೆ ಇಡಿಸಿದ. ಕುಂಕುಮದ ಭರಣಿ ಮುಟ್ಟಿಸಿ ಆಣೆ ಮಾಡಿಸಿದ: ಈ ಬಳೆ ಕೈಯಲ್ಲಿ ಇರುವ ತನಕ ನನ್ನ ಓಟು ಅಡಿವೆಪ್ಪನಿಗೇ. ಬೇಕಂತಲೇ ಬಿಗಿ ಬಳೆ, ಒಡೆಯದೆ ಬರುವಂಥದ್ದಲ್ಲ. ಗಂಡ ಬದುಕಿರುವಾಗ ಯಾವಳು ಕೈಯಾರೆ ಬಳೆ ಒಡೆದುಕೊಂಡಾಳು? ಹಾಗಂತ ಅವನ ಎಣಿಕೆ. ಪಾಪ, ಬಳೆ ಇಡಿಸುವಲ್ಲಿ ಗಂಡಸರು ಯಾವತ್ತು ಕೂತಿರುತ್ತಾರೆ? ಏರಿಸುವ ಕೈಗೆ ಇಳಿಸಲೂ ಬರುತ್ತದೆ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ.

ಹೆಂಗಸರು ಅಳುತ್ತ ತೋಟವ್ವನ ಹತ್ತಿರ ಬಂದರಂತೆ. "ಆಣಿ ಮಾಡೀವಿ ತೋಟಕ್ಕಾ, ದೇವರು ಸುಮ್ಮನ ಬಿಡತಾನೇನ?"

"ಏನಂತ ಆಣಿ ಮಾಡೀರಿ?"

"ಈ ಬಳಿ ಕೈಯಾಗ ಇರೂತನಕ, ಅಂತ."

"ಹಂಗಾರ ಅಳೂದು ಯಾಕ? ಓಟು ಹಾಕಾಕ ಹೋಗೂಕಿಂತ ಮೊದಲ ನಮ್ಮ ಹಿತ್ತಲಕ್ಕ ಬರ್ರಿ. ಹರಳೆಣ್ಣಿ ಇಟ್ಟಿರತೀನಿ."

ಬಂದರಂತೆ. ಒಬ್ಬರ ಹಿಂದೆ ಒಬ್ಬರು ಬಂದರಂತೆ. ತೋಟವ್ವ ಎಣ್ಣೆ ಸವರಿ, ಹೆಬ್ಬೆಟ್ಟಿನ ಬುಡ ಒತ್ತಿ, ಅಂಗೈ ಮೊಗ್ಗಿನಂತೆ ಮಡಚಿದರೆ ಹನ್ನೆರಡೂ ಬಳೆ ಸರ್ರನೆ ಇಳಿಯುತ್ತಿದ್ದವಂತೆ. ಅವನ್ನು ದಾರಕ್ಕೆ ಪೋಣಿಸಿ ಗೂಟಕ್ಕೆ ಹಾಕುವಳು. ಬಂದವಳು ಸೆರಗಲ್ಲಿ ಕೈ ಮುಚ್ಚಿಕೊಂಡು ಸಾಲಿಗೆ ಹೋಗುವಳು. ಮುತ್ತೈದೆಯರು ಕಣ್ರೀ, ಬಂಗಾರದಂಥ ಗಂಡಂದಿರನ್ನು ಇಟ್ಟುಕೊಂಡು ಬರಿಗೈಯಲ್ಲಿ! ಬೆರಳಿಗೆ ಮಸಿ ಹಚ್ಚಲು ಕೂತಿದ್ದವನು ದೂರದ ಊರಿನ ಮಾಸ್ತರ. ಒಂದು ಬರಿಗೈ ಬಂತು, ಹತ್ತು ಬಂತು, ನೂರು ಬಂತು. ಅವನಿಗೆ ಬೆವರು ಕಿತ್ತುಕೊಂಡು, ಜವಾನನನ್ನು ಪಕ್ಕಕ್ಕೆ ಕರೆದು ಕೇಳಿದನಂತೆ: "ಏನೋ ಇದು, ಈ ಊರಾಗ ಗಂಡಸರಿಗೆಲ್ಲ ಯಾವ ಬ್ಯಾನಿ ಬಂದಿತ್ತೋ?"

ಇಷ್ಟಕ್ಕೇ ಬಾಯಿಮೇಲೆ ಕೈ ಇಟ್ಟುಕೊಳ್ಳಬೇಡಿ. ಎಲ್ಲರೂ ಆದ ಮೇಲೆ ಹಿತ್ತಲ ಬಾಗಿಲಿಂದ ಇನ್ನೊಬ್ಬಳು ಬಂದಳಂತೆ. ಮೂಗಿನ ತನಕ ಸೆರಗು. ಕೈ ಚಾಚಿದಳು. ತೋಟವ್ವ ಮುಂಗೈ ಹಿಡಿದವಳೇ ಬೆಚ್ಚಿ ಬಿಟ್ಟುಬಿಟ್ಟಳಂತೆ. ಅದು ಅಡಿವೆಪ್ಪನ ಸ್ವಂತ ಹೆಂಡತಿಯ ಕೈ!

"ಸಾವಕಾರ್ತೀ, ನೀವು?"

"ಆ ಕಳ್ಳಿಸಾಲು ನನಗೂ ಮರೆ ಇತ್ತಬೇ. ಎಣ್ಣಿ ಹಚ್ಚು, ಮಾತು ಬ್ಯಾಡ."

ಓಟು ಮುಗಿದ ಮೇಲೆ ಎಲ್ಲರ ಬಳೆ ಎಲ್ಲರ ಕೈಗೆ ಏರಿದವು. ಗಂಡಂದಿರು ಮನೆಗೆ ಬಂದು ನೋಡಿದರೆ ಒಂದೂ ಕಡಿಮೆ ಇಲ್ಲ, ಒಂದೂ ಸೀಳಿಲ್ಲ. ಅಡಿವೆಪ್ಪ ಹೆಂಡತಿಯ ಕೈ ತಿರುಗಿಸಿ ನೋಡಿ, ಎಣಿಕೆಗೆ ಮೊದಲೇ ಬಾಜಾದವರಿಗೆ ಬರಲು ಹೇಳಿಬಿಟ್ಟನಂತೆ. ಎಣಿಕೆಯ ದಿನ ಕೊರಳಿಗೆ ಹಾರ ಹಾಕಿಕೊಂಡು ಪುರಸಭೆಯ ಮೆಟ್ಟಿಲ ಮೇಲೆ ನಿಂತಿದ್ದಾಗ ಒಳಗಿನಿಂದ ತೋಟವ್ವನ ಹೆಸರು ಕೂಗಿದರಂತೆ. ಮೂರು ಓಟು ಹೆಚ್ಚು ಅಂತಾರೆ, ಮುನ್ನೂರು ಅಂತಾರೆ. ಬಾಜಾದವರು ಬಾರಿಸುವುದು ನಿಲ್ಲಿಸಲೇ ಇಲ್ಲವಂತೆ, ಹಾಗೇ ತಿರುಗಿ ಬಳೆಗಾರ್ತಿಯ ಮನೆ ಕಡೆ ಹೊರಟರಂತೆ. ಅಡಿವೆಪ್ಪ ಎಂಟು ದಿನ ಯಾರಿಗೂ ಮುಖ ತೋರಿಸಲಿಲ್ಲ. ಹೆಂಡತಿ ಹೊತ್ತು ಹೊತ್ತಿಗೆ ಊಟ ಬಡಿಸಿದಳಂತೆ, ಬಳೆ ಗಲಗಲ ಅನಿಸುತ್ತ.

ನಾಲ್ಕು ಖೋಲಿ ಎದ್ದವು, ಒಳಗೆ ಚಿಲಕ ಬಂತು. ಎಷ್ಟೋ ಸಲ ಕೆಡವಿ ಕಟ್ಟಿದಾರೆ, ಈಗ ನುಣುಪು ಕಲ್ಲು ಹಾಕಿದಾರೆ. ಬಾಗಿಲ ಮೇಲೆ ಪುರಸಭೆಯವರು ಏನೋ ಉದ್ದಕ್ಕೆ ಬರೆಸಿದಾರೆ. ನಾನು ಕೂಡಿಸಿ ಓದುವ ಹೊತ್ತಿಗೆ ತಡ ಆಗಿಹೋಗಿರುತ್ತದೆ, ಹಾಗಾಗಿ ಓದಿಲ್ಲ. ಆ ಊರಿನ ಹೆಂಗಸರು ಯಾರೂ ಅದನ್ನು ಆ ಹೆಸರಿಂದ ಕರೆಯುವುದಿಲ್ಲ. ಸಂತೆಯಲ್ಲಿ ಕೂತವಳು ಪಕ್ಕದವಳಿಗೆ ಬುಟ್ಟಿ ಒಪ್ಪಿಸಿ ಇವತ್ತಿಗೂ ಒಂದೇ ಮಾತು ಹೇಳುತ್ತಾಳೆ: "ತೋಟವ್ವನ ಮನಿಗೆ ಹೋಗಿ ಬರತೀನಿ, ಸ್ವಲ್ಪ ನೋಡ್ಕೋ."

ಹೋದ ಸೋಮವಾರ ಸಂತೆಯಲ್ಲಿ, ಅಡಿವೆಪ್ಪನ ಮನೆತನಕ್ಕೆ ಹೊಸದಾಗಿ ಬಂದ ಸೊಸೆ, ಮೈತುಂಬ ಜರಿ, ನನ್ನ ಹತ್ತಿರ ಓಡೋಡಿ ಬಂದಳು. "ಅಮ್ಮಾ, ತೋಟವ್ವನ ಮನಿ ಎಲ್ಲಿ ಬರತದ್ರಿ? ನಮ್ಮತ್ತಿ ಅಲ್ಲೇ ಹೋಗಿ ಬಾ ಅಂದ್ರು."

ಕೈ ಮಾಡಿ ತೋರಿಸಿದೆ.