ಫಕೀರವ್ವ ತೋರಿಸಿದ ಬೀಜದಳ

ಒಂದು ಊರಿನಲ್ಲಿ ರುದ್ರಯ್ಯ ಎಂಬ ಪಂಡಿತರು ಗಿಡಮೂಲಿಕೆಗಳ ಪಾಠಶಾಲೆ ನಡೆಸುತ್ತಿದ್ದರು. ಅವರ ಹನ್ನೆರಡು ಮಂದಿ ಶಿಷ್ಯರಲ್ಲಿ ಸೋಮಲಿಂಗ ತುಂಬ ಜಾಣ. ಯಾವ ಪದ ಕೇಳಿದರೂ ಅದರ ಅರ್ಥ, ಮೂಲ ಎರಡನ್ನೂ ಥಟ್ಟನೆ ಹೇಳುತ್ತಿದ್ದ. ಹೇಳಿದ ಮೇಲೆ ಎಲ್ಲರೂ ಕೇಳಿಸಿಕೊಂಡರೋ ಇಲ್ಲವೋ ಎಂದು ಸುತ್ತ ಒಮ್ಮೆ ನೋಡುತ್ತಿದ್ದ.

ಒಂದು ದಿನ ಪಂಡಿತರು, “ಬೀಜದಳ ಎಂದರೇನು?” ಎಂದು ಕೇಳಿದರು.

ಸೋಮಲಿಂಗ ಎದ್ದು ನಿಂತ. “ದಳ ಎಂದರೆ ಎಲೆ. ಬೀಜದೊಳಗೇ ಇರುವ ಮೊದಲ ಎಲೆ ಬೀಜದಳ. ಜೋಳದಲ್ಲಿ ಅದು ಒಂದೇ, ಹಾಗಾಗಿ ಜೋಳ ಏಕದಳ. ಅವರೆಯಲ್ಲಿ ಎರಡು, ಹಾಗಾಗಿ ಅದು ದ್ವಿದಳ. ಇಂಗ್ಲಿಷಿನಲ್ಲಿ ಇದಕ್ಕಿರುವ ಹೆಸರು ಗ್ರೀಕ್ ಭಾಷೆಯಿಂದ ಬಂದದ್ದು. ಅದರ ಮೂಲದಲ್ಲಿ ಬಟ್ಟಲು ಎಂಬ ಅರ್ಥವಿದೆ.”

“ಸರಿಯಾಗಿದೆ,” ಎಂದರು ಪಂಡಿತರು.

ಅದೇ ವಾರ ಪಾಠಶಾಲೆಯಲ್ಲಿ ಅಡುಗೆ ಮಾಡುವ ಫಕೀರವ್ವ ತವರಿನಿಂದ ಕೆಂಪು ಅವರೆಯ ಬೀಜ ತಂದಳು. ಆ ಜಾತಿಯ ಅವರೆ ಸುತ್ತಿನ ಯಾವ ಹೊಲದಲ್ಲೂ ಉಳಿದಿರಲಿಲ್ಲ. ತೀರಿಕೊಂಡ ಅವಳ ತಾಯಿಯ ಗಡಿಗೆಯಲ್ಲಿ ಸಿಕ್ಕಿದ್ದು ಇಪ್ಪತ್ತೇ ಕಾಳು. ಇಪ್ಪತ್ತನ್ನೂ ಹಿತ್ತಲ ಮಡಿಯಲ್ಲಿ ಊರಿದಳು. ನೀರು ಹಾಕುವ ಕೆಲಸ ಸೋಮಲಿಂಗನ ಪಾಲಿಗೆ ಬಂತು.

ಆರನೆಯ ದಿನದ ಹೊತ್ತಿಗೆ ಎಲ್ಲ ಕಾಳೂ ಮೊಳೆತು ಮೇಲೆ ಬಂದಿದ್ದವು. ಸೋಮಲಿಂಗ ಬಗ್ಗಿ ನೋಡಿದ. ಪ್ರತಿ ಸಸಿಯಲ್ಲೂ ದಪ್ಪನೆಯ, ಬಿಳಿಚಿಕೊಂಡ ಎರಡು ತುಂಡುಗಳಿದ್ದವು. ಅವುಗಳ ನಡುವೆ ಎಳೆ ಹಸಿರು ಎಲೆ ಇಣುಕುತ್ತಿತ್ತು. ಈ ತುಂಡುಗಳು ರೋಗ ಹಿಡಿದ ಎಲೆಗಳೇ ಇರಬೇಕು ಎಂದುಕೊಂಡು ಅವನು ಉತ್ಸಾಹದಿಂದ ಚಿವುಟತೊಡಗಿದ. ಹದಿಮೂರು ಸಸಿ ಮುಗಿಯುವಷ್ಟರಲ್ಲಿ ಫಕೀರವ್ವ ಅಕ್ಕಿ ತೊಳೆದ ನೀರು ಚೆಲ್ಲಲು ಹಿತ್ತಲಿಗೆ ಬಂದಳು.

“ಏನ್ ಮಾಡಾಕತ್ತಿ ತಮ್ಮಾ?”

“ರೋಗದ ಎಲೆ ತೆಗೀತಿದ್ದೀನಿ ಅವ್ವಾ. ಬಿಟ್ಟರೆ ಗಿಡಕ್ಕೆಲ್ಲ ಹರಡುತ್ತೆ.”

ಫಕೀರವ್ವ ಪಾತ್ರೆ ಕೆಳಗಿಟ್ಟು ಕೂತಳು. ಮಣ್ಣಿನ ಮೇಲೆ ಬಿದ್ದಿದ್ದ ಒಂದು ತುಂಡನ್ನು ಎತ್ತಿ ಅವನ ಅಂಗೈಗೆ ಹಾಕಿದಳು. “ಇದು ರೋಗ ಅಲ್ಲೋ. ಬ್ಯಾಳಿ. ನಾವು ಸಾರಿಗೆ ಹಾಕೋ ಬ್ಯಾಳಿ. ಬೇರು ಗಟ್ಟಿ ಆಗೋತನಕ ಸಸಿಗೆ ಇದೇ ಊಟ. ಆಮ್ಯಾಲೆ ತಾನೇ ಒಣಗಿ ಬೀಳತೈತಿ.”

ಸೋಮಲಿಂಗ ಅಂಗೈ ನೋಡಿಕೊಂಡ. ಕಾಳಿನ ಎರಡು ಹೋಳುಗಳಲ್ಲಿ ಒಂದು. ಮೊನ್ನೆ ಎದ್ದು ನಿಂತು ತಾನು ಹೇಳಿದ ಬೀಜದಳ ಇದೇ. ಅವನ ಮುಖ ಕೆಂಪಾಯಿತು.

ಬಸವನಹುಳು ತಿಂದಿತು ಎಂದು ಪಂಡಿತರಿಗೆ ಹೇಳಿಬಿಡಬಹುದಿತ್ತು. ಫಕೀರವ್ವ ಚಾಡಿ ಹೇಳುವವಳಲ್ಲ. ಆದರೆ ತಾಯಿಯ ಬೀಜ ಹಾಳಾದರೂ ಆಕೆ ಒಂದು ಬೈಗುಳವನ್ನೂ ಆಡದೆ ಎದುರಿಗೆ ಕೂತಿದ್ದಳು. ಸೋಮಲಿಂಗ ನೇರವಾಗಿ ಪಾಠದ ಕೋಣೆಗೆ ಹೋಗಿ ಎಲ್ಲರೆದುರು ನಡೆದದ್ದನ್ನು ಹೇಳಿದ. ಕೆಲವರು ನಕ್ಕರು. ಪಂಡಿತರು ನಗಲಿಲ್ಲ.

“ಪದ ನಿನಗೆ ಗೊತ್ತಿತ್ತು, ವಸ್ತು ಗೊತ್ತಿರಲಿಲ್ಲ,” ಎಂದರು. “ನಾನೂ ಬಾಯಲ್ಲಿ ಹೇಳಿಕೊಟ್ಟೆ, ಮಡಿಗೆ ಕರೆದೊಯ್ದು ತೋರಿಸಲಿಲ್ಲ. ಉಳಿದ ಏಳು ಸಸಿಗಳನ್ನು ಫಕೀರವ್ವ ಹೇಳಿದ ಹಾಗೆ ನೋಡಿಕೋ.”

ಚಿವುಟಿದ ಸಸಿಗಳಲ್ಲಿ ಹತ್ತು ಸತ್ತವು. ಮೂರು ಗಿಡ್ಡಗೆ ಉಳಿದುಕೊಂಡವು. ಮುಟ್ಟದೆ ಬಿಟ್ಟ ಏಳರಲ್ಲಿ ಬೇಳೆಗಳು ದಿನದಿಂದ ದಿನಕ್ಕೆ ತೆಳುವಾಗಿ, ಸುಕ್ಕುಗಟ್ಟಿ, ಕೊನೆಗೆ ತಾವಾಗಿ ಉದುರಿದವು. ಅಷ್ಟರಲ್ಲಿ ಎಲೆಗಳು ಹರಡಿಕೊಂಡಿದ್ದವು. ಸೋಮಲಿಂಗ ಬಳ್ಳಿಗೆ ಚಪ್ಪರ ಕಟ್ಟಿದ. ಸಂಕ್ರಾಂತಿ ಹೊತ್ತಿಗೆ ಚಪ್ಪರದ ತುಂಬ ಕಾಯಿ. ಬೀಜಕ್ಕೆಂದು ಎರಡು ಗಡಿಗೆ ತುಂಬಿಟ್ಟ ಮೇಲೂ ಸಾರಿಗೆ ಸಾಕಷ್ಟು ಉಳಿಯಿತು. ಸಾರು ಮಾಡಿದ ದಿನ ಸೋಮಲಿಂಗ ನಾಲ್ಕು ರೊಟ್ಟಿ ತಿಂದ. ಇನ್ನೊಂದು ಬೇಕೆಂದು ಕೇಳಿದಾಗ ಎಲ್ಲರಿಗೂ ನಗು. ಫಕೀರವ್ವ ತವರಿಗೂ ಒಂದು ಗಂಟು ಬೀಜ ಕಳಿಸಿದಳು.

ಮುಂದಿನ ವರ್ಷ ಹೊಸ ಶಿಷ್ಯರು ಬಂದರು. ಪಂಡಿತರು ಅವರಿಗೆ ಮೊದಲ ಪಾಠ ಹೇಳುವುದನ್ನು ಸೋಮಲಿಂಗನಿಗೇ ಒಪ್ಪಿಸಿದರು. ಅವನು ಅವರನ್ನೆಲ್ಲ ಅಡುಗೆಮನೆಗೆ ಕರೆದುಕೊಂಡು ಹೋದ.

“ಇವರು ನನ್ನ ಗುರುಗಳು. ಮೊದಲು ಇವರು ಹೇಳಲಿ, ಆಮೇಲೆ ನಾನು,” ಎಂದ.

ಫಕೀರವ್ವ ನಾಚಿಕೊಂಡು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಒಬ್ಬೊಬ್ಬರ ಅಂಗೈಗೂ ನೆನೆಸಿದ ಒಂದೊಂದು ಕಾಳು ಹಾಕಿ, “ಹಿಸುಕ್ರಿ ನೋಡೋಣು,” ಎಂದಳು.

ನೀತಿ: ಒಂದರ ಹೆಸರು ಬಲ್ಲೆವು ಎಂದ ಮಾತ್ರಕ್ಕೆ ಅದನ್ನು ಬಲ್ಲೆವು ಎಂದಾಗುವುದಿಲ್ಲ. ಅದನ್ನು ದಿನವೂ ಕೈಯಲ್ಲಿ ಮುಟ್ಟುವವರನ್ನು ಕೇಳಿ ಕಲಿಯಬೇಕು. ತಪ್ಪಿದಾಗ ಮುಚ್ಚಿಡದೆ ಒಪ್ಪಿಕೊಳ್ಳಬೇಕು.